ಟಾರ್ಚ್ ಓರೆಯಾಗಿ ಹಿಡಿಯಿರಿ

ಎಲ್ಲ ಶಿಕ್ಷಕರಿಗೂ ನಮಸ್ಕಾರ. ಊಟ ಮುಗಿಸಿ ಕೂತಿದ್ದೀರಿ, ಸ್ಲೈಡ್ ಹಾಕಿದರೆ ಅರ್ಧ ಜನ ತೂಕಡಿಸುತ್ತೀರಿ. ಅದಕ್ಕೇ ನಾನು ಸ್ಲೈಡ್ ತಂದಿಲ್ಲ. ಒಂದು ಟಾರ್ಚ್ ತಂದಿದ್ದೇನೆ.

ನಮ್ಮಲ್ಲಿ ಪ್ರಾಜೆಕ್ಟ್ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ನಾವು ವಿಷಯ ಕೊಡುತ್ತೇವೆ. ಮಗು ಸಂಜೆ ಸೈಬರ್ ಸೆಂಟರ್‌ಗೆ ಹೋಗುತ್ತೆ. ಅಲ್ಲಿನ ಹುಡುಗ ಹತ್ತು ಪುಟ ಪ್ರಿಂಟ್ ತೆಗೆದು ಸ್ಪೈರಲ್ ಬೈಂಡಿಂಗ್ ಮಾಡಿಕೊಡುತ್ತಾನೆ. ಒಂದು ವರ್ಷ ನನ್ನ ಕ್ಲಾಸಿನ ಮೂರು ಪ್ರಾಜೆಕ್ಟ್‌ಗಳಲ್ಲಿ ಒಂದೇ ಅಕ್ಷರ ತಪ್ಪು ಒಂದೇ ಜಾಗದಲ್ಲಿತ್ತು. ಮೂರಕ್ಕೂ ನಾನು ಒಳ್ಳೆ ಅಂಕ ಕೊಟ್ಟಿದ್ದೆ! ನಿಜವಾಗಿ ಆ ಅಂಕ ಸೈಬರ್ ಹುಡುಗನಿಗೆ ಸಲ್ಲಬೇಕಿತ್ತು, ಅಲ್ವಾ? ಈಗ ಚಾಟ್‌ಬಾಟ್ ಬಂದ ಮೇಲೆ ಪಾಪ ಅವನ ಹತ್ತಿರವೂ ಯಾರೂ ಹೋಗುವುದಿಲ್ಲ.

ಅಲ್ಲಿಂದ ನಾನು ಪ್ರಶ್ನೆಯನ್ನೇ ಬದಲಾಯಿಸಿದೆ. ಇಂಟರ್ನೆಟ್ಟಿನಲ್ಲಿ ಇಲ್ಲದ್ದನ್ನು ತನ್ನಿ ಅಂದೆ.

ನಮ್ಮ ಶಾಲೆಯಿಂದ ಐದು ನಿಮಿಷ ನಡೆದರೆ ಒಂದು ಅರಳಿಕಟ್ಟೆ. ಅದರ ಬುಡದಲ್ಲಿ ಒಂದು ಕಲ್ಲು, ಎಣ್ಣೆ ಕುಂಕುಮ ಮೆತ್ತಿ ಕರ್ರಗಾಗಿದೆ. "ಅದು ಮುನೇಶ್ವರ ಮಿಸ್" ಅಂದರು ಮಕ್ಕಳು. ಮಧ್ಯಾಹ್ನ ಕರೆದುಕೊಂಡು ಹೋದೆ. ಒಬ್ಬಳು ಎದುರು ನಿಂತು ಫ್ಲ್ಯಾಶ್ ಹಾಕಿ ಫೋಟೋ ತೆಗೆದಳು. ಫೋಟೋದಲ್ಲಿ ಕಂಡಿದ್ದು ಬರೀ ಕರಿ ಹಲಗೆ.

ಇನ್ನೊಂದು ದಿನ ಸಂಜೆ, ಪೂಜೆ ಮಾಡುವವರನ್ನು ಕೇಳಿಕೊಂಡು, ಮತ್ತೆ ಹೋದೆವು. ಈ ಸಲ ಒಬ್ಬ ಹುಡುಗ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದ. ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಯಿತು. ತಗ್ಗುಗಳಲ್ಲಿ ನೆರಳು ನಿಂತಿತು. ಮೊದಲು ಕುದುರೆಯ ಕಾಲು ಎದ್ದು ಬಂತು, ಆಮೇಲೆ ಒಂದು ಕತ್ತಿ. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಪಕ್ಕದಲ್ಲಿ ಅದೇ ವೀರ. "ಮಿಸ್, ಇದು ಕಾಮಿಕ್ಸ್! ಕೆಳಗಿಂದ ಮೇಲಕ್ಕೆ ಓದಬೇಕು" ಅಂತ ಕೂಗಿದಳು ಅದೇ ಫ್ಲ್ಯಾಶ್ ಹುಡುಗಿ. ವೀರಗಲ್ಲು, ಅಂದರೆ ಹೋರಾಡಿ ಸತ್ತ ವೀರನ ನೆನಪಿಗೆ ನಿಲ್ಲಿಸುವ ಇಂಥ ಕಲ್ಲಿನ ಬಗ್ಗೆ ನಾನು ಅಷ್ಟು ವರ್ಷ ಪಾಠ ಮಾಡಿದ್ದೇನೆ, ಒಂದು ಸಲವೂ ಅಷ್ಟು ಚೆನ್ನಾಗಿ ಹೇಳಿಲ್ಲ.

ಆ ಮೂರು ಪಟ್ಟಿಗಳನ್ನೇ ಇಟ್ಟುಕೊಂಡು ಮೂರು ನಿಮಿಷದ ವಿಡಿಯೋ ಮಾಡಿದರು, ಅವರದೇ ದನಿಯಲ್ಲಿ. ಕಟ್ಟೆ ಹತ್ತಿರ ಹೂ ಮಾರುವ ಅಜ್ಜಿಯನ್ನೂ ಮಾತಾಡಿಸಿದರು. ಅಜ್ಜಿ ಹುರುಪಿನಿಂದ ಹೇಳುತ್ತಿರುವಾಗ ಫೋನಿಗೆ ಕಾಲ್ ಬಂತು, ರೆಕಾರ್ಡಿಂಗ್ ನಿಂತೇ ಹೋಯಿತು. ಎರಡನೇ ಸಲ ಕೇಳಿದರೆ ಅಜ್ಜಿಗೆ ಆ ಹುರುಪು ಇರಲಿಲ್ಲ. ಈಗ ಮಕ್ಕಳು ಮೊದಲು ಏರೋಪ್ಲೇನ್ ಮೋಡ್ ಹಾಕುತ್ತಾರೆ. ಇನ್ನೊಂದು, ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಬೇಡಿ, ಕುಗ್ಗಿ ಹೋಗಿ ಗೆರೆಗಳು ಕಲಸಿಬಿಡುತ್ತವೆ. ಡಾಕ್ಯುಮೆಂಟ್ ಅಂತ ಕಳಿಸಿ. ಅಕ್ಷರ ಕಾಣಲಿ ಅಂತ ಕಲ್ಲಿಗೆ ಸೀಮೆಸುಣ್ಣ, ಮೈದಾಹಿಟ್ಟು ಉಜ್ಜುವವರಿದ್ದಾರೆ. ದಯವಿಟ್ಟು ಬೇಡ, ಕಲ್ಲು ಹಾಳಾಗುತ್ತೆ.

ಆಮೇಲೆ ಮಕ್ಕಳದೇ ಪ್ರಶ್ನೆ, ಇಂಥವು ಇನ್ನೆಲ್ಲಿವೆ? ಆಗ ಹಳೇ ಮೈಸೂರಿನ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ. ಎಲ್. ರೈಸ್ ಅವರ ಬಗ್ಗೆ ಹೇಳಿದೆ. ಬೆಂಗಳೂರಿನಲ್ಲೇ ಹುಟ್ಟಿದವರು, ಇಲ್ಲೇ ಹೈಸ್ಕೂಲಿನ ಹೆಡ್‌ಮಾಸ್ಟರ್ ಆಗಿದ್ದವರು. ಅಂದರೆ ನಮ್ಮ ಜಾತಿಯವರೇ, ಮೇಷ್ಟ್ರು! ಬೆಂಗಳೂರು ಜಿಲ್ಲೆಯ ಶಾಸನಗಳ ಅವರ ಸಂಪುಟ 1905ರಲ್ಲಿ ಬಂತು. ಆದರೂ ಹೆಬ್ಬಾಳದ ಕಿಟ್ಟಯ್ಯನ ವೀರಗಲ್ಲು ಬೆಳಕಿಗೆ ಬಂದಿದ್ದು 2018ರಲ್ಲಿ. ಅದು ಗಂಗರ ರಾಜ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಅದರಲ್ಲಿ ಪೆರ್ಬೊಳಲ್ನಾಡು ಅಂತಿದೆ. ಹಳಗನ್ನಡದ 'ಪ' ಈಗ 'ಹ' ಆಗಿದೆ ನೋಡಿ: ಪಾಲು ಹಾಲಾಗಿದೆ, ಪುಲಿ ಹುಲಿಯಾಗಿದೆ, ಪೆರ್ಬೊಳಲು ಹೆಬ್ಬಾಳವಾಗಿದೆ. ಕನ್ನಡ ಮೇಷ್ಟ್ರಿಗೆ ಅಲ್ಲೇ ಒಂದು ಪೀರಿಯಡ್ ಸಿಕ್ಕಿತು. ನೃಪತುಂಗ ರಸ್ತೆಯಲ್ಲಿರುವ ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಬರಿಗಣ್ಣಿಗೆ ಕಾಣದ ಅಕ್ಷರ ಅದರಲ್ಲಿ ಕಾಣುತ್ತೆ. ನಮ್ಮ ಟಾರ್ಚ್ ಅದರ ಬಡ ನೆಂಟ ಅನ್ನಿ.

ಫೋನ್ ಎಲ್ಲಿಂದ ತರೋದು ಅಂತ ಕೇಳ್ತೀರಿ. ನಮ್ಮ ಮಕ್ಕಳಲ್ಲಿ ಒಬ್ಬನ ಅಪ್ಪ ಆಟೋ ಓಡಿಸುತ್ತಾರೆ. ಮನೆಯಲ್ಲಿರುವ ಒಂದೇ ಫೋನ್ ರಾತ್ರಿ ಅವರ ಜೊತೆ ಮನೆಗೆ ಬರುತ್ತೆ. ಹಾಗಾಗಿ ಹೋಂವರ್ಕ್ ಅಂತ ಕೊಡಲೇಬೇಡಿ. ಐದು ಮಕ್ಕಳಿಗೆ ಒಂದು ಫೋನ್ ಸಾಕು, ನಮ್ಮದೇ ಕೊಡೋಣ. ಒಂದೇ ಇರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಒಬ್ಬ ಟಾರ್ಚ್ ಹಿಡಿಯುತ್ತಾನೆ, ಒಬ್ಬಳು ಫೋಟೋ ತೆಗೆಯುತ್ತಾಳೆ, ಒಬ್ಬರು ಬರೆಯುತ್ತಾರೆ, ಒಬ್ಬರು ಮಾತಾಡಿಸುತ್ತಾರೆ. ಐದನೆಯವನ ಕೆಲಸ ನಾಯಿ ಓಡಿಸೋದು. ಐದು ಫೋನ್ ಇದ್ದರೆ ಐವರೂ ತಲೆ ಬಗ್ಗಿಸಿಕೊಂಡು ನಿಂತಿರುತ್ತಾರೆ.

ಎಡಿಟಿಂಗ್ ಆ್ಯಪ್ ಯಾವುದಾದರೂ ಸರಿ, ಅದನ್ನು ಮಕ್ಕಳೇ ನಿಮಗೆ ಕಲಿಸುತ್ತಾರೆ. ಅಂಕ ಕೊಡುವಾಗ ನಾನು ಕೇಳೋದು ಒಂದೇ: ಯಾವ ಭಾಗ ಕತ್ತರಿಸಿದಿರಿ, ಯಾಕೆ? ತಾವೇ ಮಾಡಿದವರಿಗೆ ಉತ್ತರ ಬಾಯಲ್ಲೇ ಇರುತ್ತೆ.

ಈಗ ಆ ಕಿಟಕಿಗಳನ್ನು ಸ್ವಲ್ಪ ಮುಚ್ಚುತ್ತೀರಾ? ಲೈಟೂ ಆರಿಸಿ. ನಿಮ್ಮ ಮುಂದಿನ ಡೆಸ್ಕ್ ನೋಡಿ. ಹಳೇ ಮಕ್ಕಳು ಕೈವಾರದ ಮುಳ್ಳಿನಿಂದ ಏನೇನೋ ಕೊರೆದಿದ್ದಾರೆ, ಶಾಲೆಯವರು ಮೇಲೆ ಬಣ್ಣ ಬಳಿದಿದ್ದಾರೆ. ಫೋನಿನ ಟಾರ್ಚ್ ಹಾಕಿ. ಮೇಲಿಂದ ಅಲ್ಲ ಸಾರ್, ಪಕ್ಕದಿಂದ, ಡೆಸ್ಕಿಗೆ ತಾಗುವ ಹಾಗೆ. ಹಾಂ, ಹಾಗೆ. ಈಗ ಹೇಳಿ, ಯಾರ ಹೆಸರು ಕಾಣುತ್ತಿದೆ?