ಡ್ರೋನ್ ನಕ್ಷೆಯನ್ನು ನಂಬುವ ಮೊದಲು

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನಲ್ಲಿ ಜಾಗದ ಲೆಕ್ಕ ಸೆಂಟ್ಸಿನಲ್ಲಿ. ಒಂದು ಸೆಂಟ್ಸ್ ಅಂದರೆ ಸುಮಾರು 40.5 ಚದರ ಮೀಟರ್. 40 ಮೀಟರ್ ಉದ್ದದ ಗಡಿ ನಕ್ಷೆಯಲ್ಲಿ ಒಂದು ಮೀಟರ್ ಸರಿದು ಕೂತರೆ ಹೆಚ್ಚುಕಡಿಮೆ ಒಂದು ಸೆಂಟ್ಸ್ ಆಚೆಮನೆಯವರ ಪಾಲಾಯಿತು. ಹಾಗಾಗಿ ಡ್ರೋನ್ ನಕ್ಷೆ ಎಷ್ಟೇ ಚಂದ ಕಂಡರೂ ಅಳೆದು ನೋಡಲೇಬೇಕು.

ನಕ್ಷೆಯ ಜೊತೆಗೆ ಬರುವ ಸಾಫ್ಟ್‌ವೇರ್ ವರದಿಯಲ್ಲಿ ತಪ್ಪು ಎರಡೇ ಸೆಂಟಿಮೀಟರ್ ಎಂದಿರಬಹುದು. ಅದು ಯಾವ ಬಿಂದುಗಳ ಲೆಕ್ಕ ಎಂದು ಮೊದಲು ಕೇಳಿ. ಹೆಚ್ಚಾಗಿ ಅದು ನಿಯಂತ್ರಣ ಬಿಂದುಗಳದ್ದು, ಅಂದರೆ ನೆಲದಲ್ಲಿ ಅಳೆದು ನಕ್ಷೆಯನ್ನು ಕೂರಿಸಲು ಬಳಸಿದ ಬಿಂದುಗಳದ್ದು. ಅವುಗಳಿಗೆ ಹೊಂದುವಂತೆಯೇ ನಕ್ಷೆಯನ್ನು ಕೂರಿಸಿರುವಾಗ ಅಲ್ಲಿ ತಪ್ಪು ಕಮ್ಮಿ ಇರದೆ ಇನ್ನೇನು? ಪರೀಕ್ಷೆಗೆ ಲೆಕ್ಕದಲ್ಲಿ ಸೇರಿಸದೆ ಬೇರೆಯೇ ಇಟ್ಟ ಬಿಂದುಗಳು ಬೇಕು. ಅಮೆರಿಕದ 1998ರ ಮಾನದಂಡ ಇಂಥವು ಕನಿಷ್ಠ 20 ಇರಲಿ ಎನ್ನುತ್ತದೆ. ನಕ್ಷೆಯನ್ನು ನಾಲ್ಕು ಭಾಗ ಮಾಡಿದರೆ ಪ್ರತಿ ಭಾಗದಲ್ಲೂ ಐದನೇ ಒಂದು ಪಾಲಾದರೂ ಬರಬೇಕು. ರಸ್ತೆ ಬದಿಯಲ್ಲೇ ಇಪ್ಪತ್ತನ್ನೂ ಮುಗಿಸುವುದು ಪರೀಕ್ಷೆಯಲ್ಲ, ಸೋಮಾರಿತನ.

ಡ್ರೋನ್ ಹಾರಿಸುವ ಮೊದಲೇ ಅರ್ಧ ಮೀಟರ್ ಅಗಲದ ಕಪ್ಪು-ಬಿಳಿ ಚೌಕದ ಹಲಗೆಗಳನ್ನು ನೆಲದಲ್ಲಿಟ್ಟು, ನಡುಬಿಂದುವನ್ನು ಸೆಂಟಿಮೀಟರ್ ನಿಖರತೆಯ ಜಿಪಿಎಸ್ ಆದ ಆರ್‌ಟಿಕೆ ರೋವರ್‌ನಿಂದ ಅಳೆಯಬೇಕು. ಬೋಳು ಮುರಕಲ್ಲು ಪಾರೆ ಇದಕ್ಕೆ ಒಳ್ಳೆಯ ಜಾಗ. ಸುಣ್ಣದ ಗುರುತು ಒಂದು ಮಳೆಗೆ ಕದಡಿ ಹೋಗುತ್ತದೆ. ಪಾಗಾರದ ಮೂಲೆಯೂ ಬೇಡ. ಮೇಲಂಚು, ಬುಡ ಎರಡರಲ್ಲಿ ಯಾವುದನ್ನು ಗುರುತಿಸಿದಿರಿ ಎಂಬ ಗೊಂದಲ ಉಳಿಯುತ್ತದೆ.

ಆಮೇಲೆ ಪ್ರತಿ ಬಿಂದುವಿನಲ್ಲೂ ನಕ್ಷೆಗೂ ನೆಲಕ್ಕೂ ಇರುವ ವ್ಯತ್ಯಾಸವನ್ನು ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಎಂದು ಬೇರೆಬೇರೆ ಬರೆಯಿರಿ. ಎರಡನ್ನೂ ವರ್ಗ ಮಾಡಿ ಕೂಡಿಸಿ, ಎಲ್ಲ ಬಿಂದುಗಳ ಸರಾಸರಿ ತೆಗೆದು, ವರ್ಗಮೂಲ ಕಂಡುಹಿಡಿಯಿರಿ. ಎರಡೂ ದಿಕ್ಕಿನ ತಪ್ಪು ಸರಿಸುಮಾರು ಸಮನಾಗಿದ್ದರೆ ಆ ಸಂಖ್ಯೆಯನ್ನು 1.7308ರಿಂದ ಗುಣಿಸಿ. ಮೂಲ ಸಂಖ್ಯೆ 10 ಸೆಂಟಿಮೀಟರ್ ಇದ್ದರೆ, ನೂರಕ್ಕೆ 95 ಕಡೆ ತಪ್ಪು ಸುಮಾರು 17 ಸೆಂಟಿಮೀಟರಿನೊಳಗೆ ಎಂದರ್ಥ.

ಆದರೆ ಆ ಒಂದು ಸಂಖ್ಯೆಗಿಂತ ಬಾಣಗಳ ಚಿತ್ರ ಹೆಚ್ಚು ಹೇಳುತ್ತದೆ. ಪ್ರತಿ ಬಿಂದುವಿನಲ್ಲಿ ತಪ್ಪಿನ ದಿಕ್ಕಿಗೆ ಒಂದು ಬಾಣ ಎಳೆಯಿರಿ. ಎಲ್ಲ ಬಾಣಗಳೂ ಒಂದೇ ಕಡೆ ಮುಖ ಮಾಡಿದ್ದರೆ ಜಿಪಿಎಸ್ ತಿದ್ದುಪಡಿ ಕಳಿಸುವ, ಒಂದೇ ಕಡೆ ನಿಂತ ಬೇಸ್ ಸ್ಟೇಷನ್ನಿನ ಸ್ಥಾನವನ್ನೇ ತಪ್ಪಾಗಿ ಕೊಟ್ಟಿರುವ ಸಂಶಯ. ಎತ್ತರದ ತಪ್ಪು ನಡುವಿನಲ್ಲಿ ಒಂದು ರೀತಿ, ಅಂಚಿನಲ್ಲಿ ಇನ್ನೊಂದು ರೀತಿ ಇದ್ದರೆ ನೆಲದ ಮಾದರಿ ಬಟ್ಟಲಿನ ಹಾಗೆ ಬಗ್ಗಿದೆ. ಕ್ಯಾಮೆರಾವನ್ನು ಬರೀ ನೇರ ಕೆಳಗೆ ಹಿಡಿದು ಹಾರಿಸಿದಾಗ ಲೆನ್ಸಿನ ಲೆಕ್ಕ ಸರಿಯಾಗಿ ಕೂರದೆ ಹೀಗಾಗುತ್ತದೆ. ಓರೆಯಾಗಿ ತೆಗೆದ ಒಂದಿಷ್ಟು ಫೋಟೋ, ನಡುವೆ ಒಂದೆರಡು ನಿಯಂತ್ರಣ ಬಿಂದು ಸೇರಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ತೋಟದ ಮಾತೇ ಬೇರೆ. 120 ಮೀಟರ್ ಎತ್ತರದಿಂದ ತೆಗೆದ ಫೋಟೋದಲ್ಲಿ, ಡ್ರೋನಿನ ನೇರ ಕೆಳಗಿನಿಂದ 60 ಮೀಟರ್ ದೂರದ, 20 ಮೀಟರ್ ಎತ್ತರದ ತೆಂಗಿನ ತಲೆ ನೆಲದ ಲೆಕ್ಕದಲ್ಲಿ 12 ಮೀಟರ್ ಆಚೆ ಬೀಳುತ್ತದೆ. ಗಾಳಿಗೆ ಓಲಾಡುವ ಸೋಗೆಯಲ್ಲಿ ಫೋಟೋಗಳೂ ಒಂದಕ್ಕೊಂದು ಹೊಂದುವುದಿಲ್ಲ. ಅಡಿಕೆ ತೋಟದೊಳಗಿನ ಗಡಿಯನ್ನು ರೋವರ್ ಅಥವಾ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೆ ಯಂತ್ರ) ಹಿಡಿದು ನಡೆದೇ ಅಳೆಯಬೇಕು.

ತಪ್ಪಲ್ಲದ ಎರಡು ವ್ಯತ್ಯಾಸಗಳೂ ಇವೆ. ಕಾಸರಗೋಡು ಪೇಟೆ 75 ಡಿಗ್ರಿ ರೇಖಾಂಶದ ಪಕ್ಕದಲ್ಲೇ ಇದೆ. ಅದು ಯುಟಿಎಂ ಎಂಬ, ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿದ ನಕ್ಷಾ ಪದ್ಧತಿಯ 43ನೇ ವಲಯದ ನಡುಗೆರೆ. ಅಲ್ಲಿ ಪ್ರಮಾಣ 0.9996 ಆದ್ದರಿಂದ ನೆಲದ ಒಂದು ಕಿಲೋಮೀಟರ್ ನಕ್ಷೆಯಲ್ಲಿ 40 ಸೆಂಟಿಮೀಟರ್ ಕಮ್ಮಿ ತೋರುತ್ತದೆ. ಇನ್ನು ಜಿಪಿಎಸ್ ಕೊಡುವ ದೀರ್ಘವೃತ್ತಜದ, ಅಂದರೆ ಭೂಮಿಯ ಗಣಿತದ ಮಾದರಿಯಿಂದ ಲೆಕ್ಕ ಹಾಕಿದ, ಎತ್ತರ ನಮ್ಮ ಕಡಲತೀರದಲ್ಲಿ ಸೊನ್ನೆಗಿಂತ 80 ಮೀಟರಿಗೂ ಹೆಚ್ಚು ಕೆಳಗಿರುತ್ತದೆ. ಜಿಯಾಯ್ಡ್, ಅಂದರೆ ಸರಾಸರಿ ಕಡಲಮಟ್ಟದ, ತಿದ್ದುಪಡಿ ಮಾಡಿದ ಮೇಲೆಯೇ ಎತ್ತರವನ್ನು ಹೋಲಿಸಿ.