ಮಗು ಎದ್ದು ಹೋಗೋಂಥ ವಿಡಿಯೋ ಹಾಕಿ

ಬೆಳಗ್ಗೆ ಎಂಟೂಕಾಲು. ಕುಕ್ಕರ್ ಎರಡನೇ ವಿಷಲ್ ಕೂಗಿದೆ, ಒಗ್ಗರಣೆಗೆ ಎಣ್ಣೆ ಇಟ್ಟಿದೀನಿ, ನಮ್ಮನೆಯವ್ರು ಸ್ನಾನಕ್ಕೆ ಹೋಗಿದಾರೆ, ಒಂಬತ್ತಕ್ಕೆ ನಂಗೆ ಆಫೀಸಿನ ಫೋನ್ ಕಾಲ್ ಇದೆ, ಸರಿಯಾಗಿ ಆ ಹೊತ್ತಿಗೇ ನಮ್ಮ ಪುಟ್ಟಿ ಬಂದು ಮೊಣಕಾಲು ತಬ್ಕೊಂಡು ಎತ್ಕೋ ಎತ್ಕೋ ಅಂತಾಳೆ. ಎರಡು ವರ್ಷ ಎರಡು ತಿಂಗಳು. ಕಾದ ಎಣ್ಣೆ ಪಕ್ಕ ಎತ್ಕೊಳ್ಳೋಕಾಗುತ್ತಾ? ಟಿವಿ ಆನ್.

ಹೌದು, ನಾನೂ ಹಾಕ್ತೀನಿ, ಮೊದ್ಲೇ ಒಪ್ಕೊಂಡ್ಬಿಡ್ತೀನಿ. "ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ, ನಾವು ನಾಲ್ಕು ಜನನ್ನ ಸಾಕಿಲ್ವಾ" ಅನ್ನೋ ದೊಡ್ಡೋರಿಗೆ ನನ್ದು ಒಂದೇ ಮಾತು. ನಿಮ್ಮ ಕಾಲದಲ್ಲಿ ಮನೇಲಿ ಅಜ್ಜಿ ಇದ್ರು, ಚಿಕ್ಕಮ್ಮ ಇದ್ರು, ಪಕ್ಕದ್ಮನೆ ಅಕ್ಕ ಬಂದು ಮಗೂನ ಸೊಂಟದ ಮೇಲೆ ಕೂರಿಸ್ಕೊಂಡು ಹೋಗ್ತಿದ್ರು, ಹಿತ್ತಲಲ್ಲಿ ಕರು ಇತ್ತು. ನಮ್ಮದು ಮೂರನೇ ಮಹಡೀಲಿ ಟೂ ಬಿಎಚ್‌ಕೆ, ಕರು ಇಲ್ಲ.

ರೂಲ್ ಏನು ಅಂತ ಗೊತ್ತಿದೆ. ನಮ್ಮ ದೇಶದ ಮಕ್ಕಳ ಡಾಕ್ಟರ್‌ಗಳ ಸಂಘ ಇದ್ಯಲ್ಲ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಅವ್ರು 2021ರಲ್ಲೇ ಹೇಳಿದಾರೆ, ಎರಡು ವರ್ಷ ತುಂಬೋವರೆಗೂ ಸ್ಕ್ರೀನೇ ಬೇಡ, ಅಜ್ಜಿ ತಾತನ ಜೊತೆ ವಿಡಿಯೋ ಕಾಲ್ ಮಾತ್ರ ಪರವಾಗಿಲ್ಲ, ಎರಡರಿಂದ ಐದು ವರ್ಷದವ್ರಿಗೆ ದಿನಕ್ಕೆ ಒಂದು ಗಂಟೆ ಮೀರ್ಬಾರ್ದು ಅಂತ. ನಮ್ಮನೇಲಿ ಆ ರೂಲ್ ಹದಿನೇಳನೇ ತಿಂಗಳಿಗೇ ಮುರೀತು. ಕಫ ಕಟ್ಟಿ ನೆಬ್ಯುಲೈಸರ್ ಹಾಕ್ಬೇಕಿತ್ತು, ಮಾಸ್ಕ್ ಹಿಡಿದ್ರೆ ತಲೆ ಅತ್ತಿತ್ತ ಬಡ್ಕೋತಿದ್ಲು, ಮೊಬೈಲ್ ತೋರಿಸಿದ ತಕ್ಷಣ ಸ್ತಬ್ಧ. ಹತ್ತು ನಿಮಿಷ ಮಿಸುಕಾಡ್ಲಿಲ್ಲ. ಆಹಾ ಎಂಥಾ ಮಂತ್ರ ಸಿಕ್ತು ಅನ್ಕೊಂಡೆ.

ಆದ್ರೆ ಅವತ್ತೇ ಒಂಥರಾ ಕಸಿವಿಸಿನೂ ಆಯ್ತು. ಬಾಯಿ ಅರ್ಧ ತೆರ್ಕೊಂಡಿದೆ, ಜೊಲ್ಲು ಇಳೀತಿದೆ, ರೆಪ್ಪೆ ಬಡೀತಿಲ್ಲ, ಪುಟ್ಟಿ ಅಂದ್ರೆ ಕೇಳಿಸ್ತಿಲ್ಲ. ಅದು ಬಣ್ಣಬಣ್ಣದ ಇಂಗ್ಲಿಷ್ ರೈಮ್ಸ್, ಕಣ್ಣು ಮಿಟುಕಿಸೋಷ್ಟರಲ್ಲಿ ಚಿತ್ರ ಬದಲಾಗುತ್ತೆ. ಆಫ್ ಮಾಡಿದ್ರೆ ನೆಲದ ಮೇಲೆ ಬಿದ್ದು ಉಸಿರು ಕಟ್ಟೋ ಹಾಗೆ ಅಳು.

ಈಗ ವಿಷ್ಯಕ್ಕೆ ಬರ್ತೀನಿ. ನಮ್ಮ ಅಪಾರ್ಟ್‌ಮೆಂಟ್ ಅಮ್ಮಂದಿರ ವಾಟ್ಸಾಪ್ ಗ್ರೂಪಲ್ಲಿ ವಾರಕ್ಕೊಂದ್ಸಲ ಯಾರಾದ್ರೂ ಕೇಳ್ತಾರೆ, "ಮಗು ಅಲ್ಲಾಡ್ದೇ ಕೂತ್ಕೊಳ್ಳೋಂಥದ್ದು ಯಾವ್ದಾದ್ರೂ ಹೇಳಿ" ಅಂತ. ನನ್ನ ಪ್ರಕಾರ ಆ ಪ್ರಶ್ನೇನೇ ಉಲ್ಟಾ. ಮಗು ಕೂರೋದು ನಮಗೆ ಅನುಕೂಲ, ಸರಿ, ಆದ್ರೆ ಸಾಕು ಅನ್ನಿಸಿದಾಗ ಎದ್ದು ಹೋಗೋಕಾಗ್ಬೇಕಲ್ಲ. ನಾನು ಹುಡ್ಕೋದು ಅದನ್ನ, ಗೋಡೆ ಮೇಲೊಂದು ಹಲ್ಲಿ ಬಂದ್ರೆ ಹಲ್ಲಿ ಗೆಲ್ಲೋ ಅಂಥ ವಿಡಿಯೋ.

ಯಾಕೆ ಹೀಗಂತೀನಿ ಅಂದ್ರೆ, ಕೋಕೋಮೆಲನ್ ಗೊತ್ತಲ್ಲ, ಯೂಟ್ಯೂಬಲ್ಲಿ ಬರೋ ಇಂಗ್ಲಿಷ್ ರೈಮ್ಸ್ ಕಾರ್ಟೂನು, ಅದರ ಹಿಂದಿರೋ ಮೂನ್‌ಬಗ್ ಕಂಪನಿ ಬಗ್ಗೆ 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವರದಿ ಮಾಡಿತ್ತು. ಲಂಡನ್ನಲ್ಲಿ ಪುಟ್ಟ ಮಕ್ಕಳನ್ನ ಒಬ್ಬೊಬ್ಬರಾಗಿ ಕರ್ಕೊಂಡು ಬಂದು ಶೋ ತೋರಿಸ್ತಾರೆ, ಸ್ವಲ್ಪ ದೂರದಲ್ಲಿ ಇನ್ನೊಂದು ಚಿಕ್ಕ ಸ್ಕ್ರೀನು, ಅದ್ರಲ್ಲಿ ದಿನನಿತ್ಯ ನಡೆಯೋದು, ಯಾರೋ ಕಾಫಿ ಬಗ್ಗಿಸ್ತಿರೋದು, ಕೂದಲು ಕತ್ತರಿಸ್ಕೊಳ್ತಿರೋದು. ಮಗು ಶೋ ಬಿಟ್ಟು ಆ ಕಡೆ ಕಣ್ಣು ಹಾಯಿಸ್ತೋ, ಆ ಕ್ಷಣ ಬರ್ಕೋತಾರೆ. ಡಿಸ್ಟ್ರಾಕ್ಟಟ್ರಾನ್ ಅಂತೆ ಆ ಚಿಕ್ಕ ಸ್ಕ್ರೀನಿನ ಹೆಸ್ರು, ಗಮನ ಬೇರೆ ಕಡೆ ಎಳೆಯೋದು ಅಂತ. ಅಂದ್ರೆ ಕಾಫಿ ಬಗ್ಗಿಸೋದ್ನ ಮಗು ನೋಡಿದ್ರೆ ಅದು ಶೋದಲ್ಲಿರೋ ತೂತು, ಮುಚ್ಚಬೇಕು. ನಮ್ಮನೇಲಿ ಕಾಫಿ ಬಗ್ಗಿಸೋಳು ನಾನು ಸ್ವಾಮಿ! ಅವ್ರ ರೇಸು ಯಾರ ಮೇಲೆ ಅಂತ ಅರ್ಥ ಆಯ್ತಲ್ಲ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳ್ಬೇಕು, ಈ ಉಪಾಯ ಹೊಸದೇನಲ್ಲ. 1969ರಲ್ಲಿ ಅಮೆರಿಕಾದಲ್ಲಿ ಶುರುವಾದ ಮಕ್ಕಳ ಟಿವಿ ಶೋ ಸೆಸಮಿ ಸ್ಟ್ರೀಟ್‌ಗೂ ಎಡ್ವರ್ಡ್ ಪಾಮರ್ ಅನ್ನೋ ಸಂಶೋಧಕ ಹೀಗೇ ಮಾಡಿದ್ರು, ಟಿವಿ ಪಕ್ಕ ಸ್ಲೈಡ್‌ಗಳು ಏಳೂವರೆ ಸೆಕೆಂಡಿಗೊಂದು ಬದಲಾಗ್ತಿದ್ವು, ಮಗು ಎತ್ತ ನೋಡುತ್ತೆ ಅಂತ ಲೆಕ್ಕ. ಆದ್ರೆ ಅವ್ರು ಮಗು ನೋಡ್ತಾ ಅಂತ ಕೇಳಿ ಸುಮ್ನಾಗ್ಲಿಲ್ಲ, ನೋಡಿ ಏನಾದ್ರೂ ಕಲೀತಾ ಅಂತಾನೂ ಟೆಸ್ಟ್ ಮಾಡಿದ್ರು, ಮಕ್ಕಳೂ ಮೂರರಿಂದ ಐದು ವರ್ಷದವ್ರು. ಅಕ್ಕಿ ಅಳೆಯೋ ಸೇರು ಒಂದೇ, ಅಳೆಯೋನ ಮನಸ್ಸು ಬೇರೆ.

ಸ್ಪೀಡ್ ವಿಷ್ಯಕ್ಕೂ ಒಂದು ಪ್ರಯೋಗ ಇದೆ, 2011ರದ್ದು. ನಾಲ್ಕು ವರ್ಷದ 60 ಮಕ್ಕಳು, ಕೆಲವ್ರಿಗೆ ಸರಾಸರಿ 11 ಸೆಕೆಂಡಿಗೊಮ್ಮೆ ದೃಶ್ಯ ಬದಲಾಗೋ ಕಾರ್ಟೂನು, ಕೆಲವ್ರಿಗೆ 34 ಸೆಕೆಂಡಿನ ನಿಧಾನದ್ದು, ಉಳಿದವ್ರಿಗೆ ಪೇಪರ್ ಕ್ರೇಯಾನು. ಬರೀ ಒಂಬತ್ತು ನಿಮಿಷ. ಆಮೇಲೆ ತಾಳ್ಮೆಯ, ಗಮನದ ಚಿಕ್ಕ ಚಿಕ್ಕ ಪರೀಕ್ಷೆ ಕೊಟ್ರೆ ಸ್ಪೀಡ್ ಕಾರ್ಟೂನ್ ನೋಡಿದವ್ರು ಹಿಂದೆ ಬಿದ್ರು. ಪರೀಕ್ಷೆ ಮಾಡಿದ್ದು ಆಗ್ಲೇ, ತಕ್ಷಣ, ವರ್ಷಗಟ್ಲೆ ಹಾಗೇ ಇರುತ್ತೆ ಅಂತ ಅದ್ರ ಅರ್ಥ ಅಲ್ಲ, ನಮ್ಮವ್ಳು ಅವ್ರಿಗಿಂತ ಚಿಕ್ಕೋಳು ಬೇರೆ. ಆದ್ರೂ ನಾನು ಅದ್ರಿಂದ ಒಂದು ಅಭ್ಯಾಸ ಕಲ್ತೆ. ಹೊಸದೇನಾದ್ರೂ ಹಾಕೋ ಮೊದ್ಲು ಟಿವಿ ಮ್ಯೂಟ್ ಮಾಡಿ, ಚಿತ್ರ ಬದಲಾದಾಗೆಲ್ಲ ಬೆರಳ ಗೆಣ್ಣು ಎಣಿಸ್ತೀನಿ. ಒಂದು ನಿಮಿಷದಲ್ಲಿ ಒಂದು ಕೈ ಮುಗಿದು ಇನ್ನೊಂದು ಕೈಗೆ ಹೋದ್ರೆ ಅದು ನಮ್ಮನೇಗೆ ಬೇಡ.

"ಅಯ್ಯೋ ಎಬಿಸಿಡಿ ಕಲೀತಾಳೆ ಕಣೇ" ಅಂತಾರೆ ನಮ್ಮ ಅತ್ತಿಗೆ. ಕಲೀತಾಳೆ ಅತ್ತಿಗೆ, ಪಾಠ ಒಪ್ಪಿಸೋ ಥರ. ಆದ್ರೆ 2003ರಲ್ಲಿ ಅಮೆರಿಕಾದಲ್ಲಿ ಒಂಬತ್ತು ತಿಂಗಳ ಕೂಸುಗಳಿಗೆ ಚೈನೀಸ್ ಕೇಳಿಸಿ ನೋಡಿದ್ರು, ಎದುರಿಗೆ ಮನುಷ್ಯರು ಕೂತು ಆಡಿಸ್ತಾ ಮಾತಾಡಿದಾಗ ಹನ್ನೆರಡು ಸಲದಲ್ಲಿ ಆ ಭಾಷೆಯ ಸದ್ದುಗಳನ್ನ ಮಕ್ಕಳು ಗುರ್ತಿಸಿದ್ವು, ಅದೇ ಜನ ಅದೇ ಮಾತು ಡಿವಿಡೀಲಿ ಹಾಕಿದ್ರೆ ಏನೂ ಇಲ್ಲ, ಸೊನ್ನೆ. ಹಾಗಾಗಿ ಕಲಿಕೆ ಅನ್ನೋ ಹೆಸ್ರಲ್ಲಿ ನಾನು ಏನೂ ಹಾಕಲ್ಲ. ಟಿವಿ ಹಾಕೋದು ನನ್ನ ಒಗ್ಗರಣೆಗೋಸ್ಕರ, ಅಷ್ಟೇ.

ಹಾಗಾದ್ರೆ ಹಾಕೋದೇನು? ನಗ್ಬೇಡಿ, ಜೆಸಿಬಿ. ನಮ್ಮ ಹಿಂದಿನ ಸೈಟಲ್ಲಿ ಪಾಯ ತೆಗೀವಾಗ ನಮ್ಮನೆಯವ್ರು ಬಾಲ್ಕನಿಯಿಂದ ಹನ್ನೊಂದು ನಿಮಿಷ ಮೊಬೈಲಲ್ಲಿ ಶೂಟ್ ಮಾಡಿದಾರೆ, ಒಂದೇ ಆಂಗಲ್ಲು, ಮಧ್ಯ ಅವ್ರು ಕೆಮ್ಮೋದೂ ಇದೆ. ಬಕೆಟ್ ಇಳಿಯುತ್ತೆ, ಮಣ್ಣು ತುಂಬ್ಕೊಳ್ಳುತ್ತೆ, ಟಿಪ್ಪರ್‌ಗೆ ಸುರಿಯುತ್ತೆ, ಮತ್ತೆ ಇಳಿಯುತ್ತೆ. ಇನ್ನೊಂದು ತೀರ್ಥಹಳ್ಳೀಲಿ ಅಪ್ಪ ಹಾಲು ಕರೆಯೋದು, ತಂಬಿಗೆಗೆ ಹಾಲು ಬೀಳೋ ಚೊರ್ ಚೊರ್ ಸದ್ದು, ಕೊನೇಲಿ ಅಮ್ಮ "ಪುಟ್ಟೀ, ಹಾಲು ಕುಡೀತೀಯಾ" ಅಂತ ಕೇಳ್ತಾರೆ. ಇಂಥ ನಾಲ್ಕು ವಿಡಿಯೋ ಒಂದು ಪೆನ್‌ಡ್ರೈವಲ್ಲಿ ಹಾಕಿ ಟಿವಿಗೆ ಚುಚ್ಚಿದೀವಿ. ಒಂದು ಮುಗಿದ್ರೆ ಫೋಲ್ಡರ್ ಲಿಸ್ಟ್ ಬಂದು ನಿಲ್ಲುತ್ತೆ, ಮುಂದಿನದು ತಾನಾಗಿ ಓಡಲ್ಲ, ಪಕ್ಕದಲ್ಲಿ ಕರೆಯೋ ಫೋಟೋಗಳಿಲ್ಲ, ಜಾಹೀರಾತಿಲ್ಲ. ಯೂಟ್ಯೂಬೇ ಬೇಕು ಅನ್ನೋರು ಕಿಡ್ಸ್ ಆಪ್ ಸೆಟ್ಟಿಂಗ್ಸಲ್ಲಿ ನಾವು ಆರಿಸಿದ್ದು ಮಾತ್ರ ಬರೋ ಹಾಗೆ ಮಾಡ್ಬೋದು, ಟೈಮರೂ ಇದೆ, ಟೈಮ್ ಆದ್ರೆ ಆಪೇ ಲಾಕ್ ಆಗುತ್ತೆ.

ಕನ್ನಡದ ಹಾಡಿನ ಚಾನೆಲ್‌ಗಳಿಲ್ವಾ ಅಂತೀರಾ, ಇದೆ, ಬೆಂಗಳೂರಲ್ಲೇ ಮಾಡೋರಿದಾರೆ, ಭಾಷೆ ಕಿವಿಗೆ ಬೀಳುತ್ತೆ ಅನ್ನೋದು ಖುಷಿ, ಆದ್ರೆ ಕನ್ನಡ ಅಂದ ಮಾತ್ರಕ್ಕೆ ನಾನು ಪಾಸ್ ಮಾಡಲ್ಲ, ಅಲ್ಲೂ ಗೆಣ್ಣು ಎಣಿಸ್ತೀನಿ. ಊಟಕ್ಕೆ ಮಾತ್ರ ಏನೂ ಹಾಕಲ್ಲ, ಜಗಳ ಆಗ್ಲಿ ಬಿಡಿ, ಮೊಸರನ್ನ ತಲೆಗೆ ಮೆತ್ಕೊಳ್ಲಿ ಬಿಡಿ, ಟಿವಿ ಮುಂದೆ ಕೂರಿಸಿದ್ರೆ ಅವ್ಳು ಬಾಯಿ ತೆಗೀತಿದ್ದಿದ್ದು ಕಾರ್ಟೂನಿಗೆ, ತುತ್ತಿಗಲ್ಲ.

ಮೊನ್ನೆ ಏನಾಯ್ತು ಅಂದ್ರೆ, ಹಾಲು ಕರೆಯೋದು ಓಡ್ತಾ ಇತ್ತು, ಕೆಳಗೆ ಕಸದ ಆಟೋ ಹಾಡು ಹಾಕ್ಕೊಂಡು ಬಂತು. ಪುಟ್ಟಿ ಎದ್ಲು, ಬಾಲ್ಕನಿ ಗ್ರಿಲ್ ಹಿಡ್ಕೊಂಡು ಕುಣಿದ್ಲು, ಆಮೇಲೆ ಅಡಿಗೆಮನೆಗೆ ಬಂದು "ಕತ ಬಂತು" ಅಂತ ರಿಪೋರ್ಟ್ ಕೊಟ್ಲು. ಟಿವೀಲಿ ಅಪ್ಪ ಪಾಪ ಒಬ್ರೇ ಹಾಲು ಕರೀತಾ ಇದ್ರು. ನಂಗೆ ಅಷ್ಟು ಸಮಾಧಾನ ಆಯ್ತು ಅಂದ್ರೆ, ಸಾಸಿವೆ ಸೀದೋಯ್ತು ಕೂಡ.

ಈಗ ಇರೋ ತೊಂದ್ರೆ ಬೇರೆ. ಹಿಂದಿನ ಸೈಟಲ್ಲಿ ಪಿಲ್ಲರ್ ಎದ್ದಿದೆ, ಜೆಸಿಬಿ ಹೋಯ್ತು, ಹಳೇ ಹನ್ನೊಂದು ನಿಮಿಷ ನಮ್ಮನೆಯವ್ರಿಗೇ ಬೋರಾಗಿದೆ, ಭಾನುವಾರ ಸ್ಕೂಟರ್ ತಗೊಂಡು ಎಲ್ಲಾದ್ರೂ ಪಾಯ ತೆಗೀತಿದಾರಾ ಅಂತ ಹುಡುಕ್ತಿದಾರೆ, ನಿಮ್ಮ ಏರಿಯಾದಲ್ಲಿದ್ರೆ ಹೇಳಿ.