ಲಿಸ್ಬನ್: ಗೋಡೆಯೊಳಗಿನ ಪಂಜರ

ನಮಸ್ಕಾರ, ಕೇಳುಗರೆ.

ಮನೆ ಕಟ್ಟಿಸಲು ಹೊರಟವರು ಮೊದಲು ಹುಡುಕುವುದು ಒಳ್ಳೆಯ ಮೇಸ್ತ್ರಿಯನ್ನು. ಕೆಲಸ ಮುಗಿದ ಮೇಲೆ ಕೈಗೆ ಬರುವುದು ಚಾವಿ. ಮೇಸ್ತ್ರಿ, ಚಾವಿ ಎರಡೂ ಪೋರ್ಚುಗೀಸರ ಹಡಗಿನ ಜೊತೆ ಬಂದು ನಮ್ಮ ಮಾತಿನಲ್ಲೇ ಒಕ್ಕಲಾದ ಪದಗಳು. ಆ ಪೋರ್ಚುಗೀಸರ ರಾಜಧಾನಿ ಲಿಸ್ಬನ್ನಿನ ಬಗ್ಗೆ ಇವತ್ತು ನಿಮ್ಮೊಡನೆ ಮಾತಾಡುತ್ತೇನೆ. ಅದರಲ್ಲೂ ಅಲ್ಲಿನ ಮೇಸ್ತ್ರಿಗಳ ಬಗ್ಗೆ.

ಲಿಸ್ಬನ್ನಿನ ಪೂರ್ವಕ್ಕೆ ಒಂದು ಹಳೆಯ ಸನ್ಯಾಸಿನಿಯರ ಮಠವಿದೆ. ಈಗ ಅದು ಟೈಲ್ಸ್‌ಗಳ ವಸ್ತುಸಂಗ್ರಹಾಲಯ. ಅಲ್ಲಿ ಒಂದು ಕೋಣೆಯ ಗೋಡೆಗಳ ಉದ್ದಕ್ಕೂ, ಬಿಳಿಯ ಮೇಲೆ ನೀಲಿಯಲ್ಲಿ, ಇಡೀ ಊರನ್ನೇ ಬರೆದಿಟ್ಟಿದ್ದಾರೆ. ಸುಮಾರು 23 ಮೀಟರ್ ಉದ್ದದ ಚಿತ್ರ, 1700ರ ಆಸುಪಾಸಿನದು. ಟೇಗಸ್ ನದಿಯ ದಂಡೆ, ದೋಣಿಗಳು, ಚರ್ಚಿನ ಗೋಪುರಗಳು, ಒಂದರ ಹೆಗಲ ಮೇಲೊಂದು ಹತ್ತಿ ಕುಳಿತಂಥ ಮನೆಗಳು, ನೀರಿಗೆ ಮುಖ ಮಾಡಿದ ಅರಮನೆ. ಬೆರಳಿಟ್ಟು ಒಂದೊಂದೇ ಕಟ್ಟಡ ಗುರುತಿಸುತ್ತ ಹೋದರೆ ಎದೆ ಭಾರವಾಗುತ್ತದೆ. ಏಕೆಂದರೆ ಆ ಚಿತ್ರದ ನಟ್ಟನಡುವಿನ ಊರು ಈಗಿಲ್ಲ.

1755ರ ನವೆಂಬರ್ 1, ಶನಿವಾರ. ಕ್ಯಾಥೊಲಿಕರಿಗೆ ಸಕಲ ಸಂತರ ಹಬ್ಬ. ಬೆಳಗಿನ ಒಂಬತ್ತೂವರೆ ದಾಟಿತ್ತು, ಚರ್ಚುಗಳು ತುಂಬಿದ್ದವು, ಮೇಣದ ಬತ್ತಿಗಳು ಉರಿಯುತ್ತಿದ್ದವು. ಆಗ ನೆಲ ನಡುಗಿತು. ಒಂದು ಸಲ ನಡುಗಿ ಸುಮ್ಮನಾಗುವ ನಡುಕವಲ್ಲ. ನಿಮಿಷಗಟ್ಟಲೆ, ಅಲೆ ಅಲೆಯಾಗಿ ಬಂತು. ಕಲ್ಲಿನ ಚಾವಣಿಗಳು ಪ್ರಾರ್ಥನೆಗೆ ಬಂದವರ ಮೇಲೇ ಕುಸಿದವು. ಬದುಕಿ ಉಳಿದವರು ಬಯಲು ಹುಡುಕಿಕೊಂಡು ನದಿಯ ದಂಡೆಗೆ ಓಡಿದರು. ನೋಡುತ್ತಿದ್ದಂತೆ ನೀರು ಹಿಂದಕ್ಕೆ ಸರಿದು ನದಿಯ ತಳ ಕಾಣಿಸಿತು. ಆಮೇಲೆ ಅದೇ ನೀರು ಗೋಡೆಯಂತೆ ಎದ್ದು ಬಂತು. ಅತ್ತ ಉರುಳಿದ ಬತ್ತಿ, ಒಲೆಗಳಿಂದ ಹೊತ್ತಿದ ಬೆಂಕಿ ಐದಾರು ದಿನ ಆರಲಿಲ್ಲ. ಸತ್ತವರು ಹತ್ತಾರು ಸಾವಿರ. ಅರಮನೆಯ ಗ್ರಂಥಭಂಡಾರದ 70,000 ಸಂಪುಟಗಳು, ಅದೇ ವರ್ಷ ಬಾಗಿಲು ತೆರೆದಿದ್ದ ಸಂಗೀತ ನಾಟಕದ ರಂಗಮಂದಿರ, ಎಲ್ಲವೂ ಹೋದವು.

ಸುಟ್ಟುಹೋದದ್ದರಲ್ಲಿ ನಮ್ಮ ಪಾಲೂ ಇತ್ತು. ನಮ್ಮ ಕರಾವಳಿಯ ಮೆಣಸಿನ ಲೆಕ್ಕವೂ ಬಂದು ಸೇರುತ್ತಿದ್ದ ಕಾಸಾ ದ ಇಂಡಿಯಾ ಎಂಬ ಕಚೇರಿ ಅರಮನೆಗೆ ಹೊಂದಿಕೊಂಡೇ ಇತ್ತು. ಅಲ್ಲಿನ ಕಾಗದಪತ್ರಗಳು ಆ ಬೆಂಕಿಗೆ ಆಹುತಿಯಾದವು. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್‌ನ ಬರಹ ನಿಮಗೆ ನೆನಪಿರಬಹುದು. ಕೃಷ್ಣದೇವರಾಯನ ಮುಖದ ಮೇಲಿನ ಸಿಡುಬಿನ ಕಲೆ, ಬೆಳಗಾಗುವ ಮುಂಚೆ ಅವನು ಎಳ್ಳೆಣ್ಣೆ ಕುಡಿದು ಸಾಮು ಮಾಡುತ್ತಿದ್ದದ್ದು ನಮಗೆ ತಿಳಿದಿರುವುದು ಪಾಯಸ್‌ನಿಂದ. ಆ ಹಸ್ತಪ್ರತಿ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಉಳಿದುಕೊಂಡಿತು, 1897ರಲ್ಲಿ ಅಚ್ಚಾಯಿತು. ಪಾಯಸ್‌ನಂತೆ ಕಣ್ಣಾರೆ ಕಂಡು ಬರೆದ ಇನ್ನೆಷ್ಟು ಜನರ ಮಾತು ಆ ಬೆಳಿಗ್ಗೆ ಬೂದಿಯಾಯಿತೋ! ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಲಿಸ್ಬನ್ನನ್ನು ಮತ್ತೆ ಕಟ್ಟಿದ ಕೀರ್ತಿ ಮಂತ್ರಿ ಪೊಂಬಾಲ್‌ನದು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ, ಅವನ ಹಟ ದೊಡ್ಡದು. ಆದರೆ ನನ್ನ ಮನಸ್ಸಿಗೆ ಹತ್ತಿರದವನು ಮಾನುವೆಲ್ ದ ಮಾಯಾ ಎಂಬ ಮುದಿ ಎಂಜಿನಿಯರ್. ಆಗ ಅವನಿಗೆ ಎಪ್ಪತ್ತೆಂಟರ ಹತ್ತಿರ. ಊರಿಗೆ ನೀರು ತರುವ ಮೇಲ್ಗಾಲುವೆಯ ಕೆಲಸದಲ್ಲಿ ದುಡಿದಿದ್ದ. ಆಲ್ಕಾಂತರಾ ಕಣಿವೆಯನ್ನು 35 ಕಮಾನುಗಳ ಮೇಲೆ ದಾಟುವ ಆ ಕಾಲುವೆ ಭೂಕಂಪಕ್ಕೆ ಜಗ್ಗಲಿಲ್ಲ, ಇಂದಿಗೂ ನಿಂತಿದೆ. ರಾಜ್ಯದ ದಫ್ತರಖಾನೆಯೂ ಅವನ ಸುಪರ್ದಿಯಲ್ಲೇ ಇತ್ತು. ಕೋಟೆಯ ಮೇಲಿನ ಅದರ ಗೋಪುರ ಉರುಳಿದಾಗ, ಆ ವಯಸ್ಸಿನಲ್ಲಿ, ಅವಶೇಷದ ಅಡಿಯಿಂದ ಕಾಗದಗಳನ್ನು ಎತ್ತಿಸಿ ಮರದ ಜೋಪಡಿಯೊಳಗೆ ಜೋಪಾನ ಮಾಡಿದ. ತಿಂಗಳೊಪ್ಪತ್ತಿನಲ್ಲೇ, ಡಿಸೆಂಬರ್ 4ಕ್ಕೆ, ಊರು ಕಟ್ಟುವುದು ಹೇಗೆಂಬ ಲಿಖಿತ ಟಿಪ್ಪಣಿಯ ಮೊದಲ ಭಾಗ ಒಪ್ಪಿಸಿದ. ಇದ್ದ ಹಾಗೆಯೇ ಕಟ್ಟಬೇಕೆ, ಬೀದಿ ಅಗಲ ಮಾಡಬೇಕೆ, ಮಹಡಿಗೆ ಮಿತಿ ಹಾಕಬೇಕೆ, ಪೂರ್ತಿ ಕೆಡವಿ ಹೊಸದಾಗಿ ಎಬ್ಬಿಸಬೇಕೆ, ಇಲ್ಲವೇ ಈ ಜಾಗವನ್ನೇ ಬಿಟ್ಟು ಪಶ್ಚಿಮದ ಬೆಲೆಂ ಕಡೆಗೆ ಹೋಗಬೇಕೆ ಎಂದು ಎಲ್ಲ ದಾರಿಗಳನ್ನೂ ತೂಗಿ ನೋಡಿದ. ಕೊನೆಗೆ ಆಯ್ಕೆಯಾದದ್ದು ಪೂರ್ತಿ ಹೊಸ ಊರು. ಇಂದು ಬೈಶಾ ಎನ್ನುವ, ದಾರ ಹಿಡಿದು ಎಳೆದಂಥ ನೇರ ಬೀದಿಗಳ ಪೇಟೆ ಅದೇ. ಚಿನ್ನದವರ ಬೀದಿ, ಬೆಳ್ಳಿಯ ಬೀದಿ, ಚಮ್ಮಾರರ ಬೀದಿ ಎಂದು ಕಸುಬುಗಳ ಹೆಸರು.

ಆ ಮನೆಗಳ ಒಳಗುಟ್ಟು ಹೊರಗಿನಿಂದ ಕಾಣುವುದಿಲ್ಲ. ಗೋಡೆ ಎಬ್ಬಿಸುವಾಗ ಮೊದಲು ಮರದ ಚೌಕಟ್ಟು ನಿಲ್ಲಿಸುತ್ತಿದ್ದರು. ನೆಟ್ಟಗೆ ಕಂಬ, ಅಡ್ಡಕ್ಕೆ ತೊಲೆ, ನಡುವೆ ಮೂಲೆಯಿಂದ ಮೂಲೆಗೆ ಕತ್ತರಿಯಂತೆ ಎರಡು ಪಟ್ಟಿ. ಆ ಸಂದುಗಳಿಗೆ ಕಲ್ಲು, ಇಟ್ಟಿಗೆ ಚೂರು ತುಂಬಿ ಗಾರೆ ಬಳಿಯುತ್ತಿದ್ದರು. ಇದಕ್ಕೆ ಗಾಯೋಲಾ ಅಂತ ಹೆಸರು. ಅಂದರೆ ಹಕ್ಕಿಯ ಪಂಜರ. ನೆಲ ಅಲುಗಿದರೆ ಮರ ಬಾಗುತ್ತದೆ, ಮುರಿಯುವುದಿಲ್ಲ. ಕಲ್ಲು ಉದುರಿದರೂ ಪಂಜರ ನಿಲ್ಲಬೇಕು, ಒಳಗಿನವರು ಉಳಿಯಬೇಕು. ಇದರ ಮಾದರಿ ಕಟ್ಟಿ, ಸುತ್ತ ಸೈನಿಕರನ್ನು ಹೆಜ್ಜೆ ಕುಟ್ಟಿಸಿ ಪರೀಕ್ಷೆ ಮಾಡಿದರು ಎಂಬ ಮಾತೂ ಇದೆ. ಮನೆ ಮನೆಯ ನಡುವೆ, ಬೆಂಕಿ ದಾಟದಂತೆ, ಸೂರಿಗಿಂತ ಎತ್ತರದ ಗೋಡೆ. ಕಿಟಕಿ, ಬಾಗಿಲು ಎಲ್ಲ ಒಂದೇ ಅಳತೆ. ಬೇರೆ ಕಡೆ ಸಿದ್ಧಮಾಡಿ ತಂದು ಕೂರಿಸುವುದು. ಇಷ್ಟಾದರೂ ದೊರೆ ಮೊದಲನೆಯ ಜೊಸೆ ಮತ್ತೆ ಕಲ್ಲಿನ ಸೂರಿನಡಿ ಮಲಗಲು ಒಪ್ಪಲಿಲ್ಲ. 1777ರಲ್ಲಿ ಸಾಯುವವರೆಗೂ ಆಜುದಾ ಗುಡ್ಡದ ಮೇಲಿನ ಮರದ ಅರಮನೆಯಲ್ಲೇ ಇದ್ದ. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ.

ಪ್ರವಾಸಿಗರು ಬೆಲೆಂ ಗೋಪುರಕ್ಕೂ, ವಾಸ್ಕೊ ಡ ಗಾಮನ ಸಮಾಧಿಯಿರುವ ಜೆರೊನಿಮಸ್ ಮಠಕ್ಕೂ ಹೋಗುತ್ತಾರೆ. ಸಾಂಬಾರ ಪದಾರ್ಥದ ವ್ಯಾಪಾರದ ಮೇಲೆ ಹಾಕಿದ ತೆರಿಗೆಯ ಹಣದಿಂದ ಎದ್ದ ಮಠ ಅದು. ಖಂಡಿತ ನೋಡಬೇಕು. ಆದರೆ ಸಮಯ ಸ್ವಲ್ಪವೇ ಇದ್ದರೆ ಗುಡ್ಡ ಹತ್ತಿ ಕಾರ್ಮೊ ಮಠಕ್ಕೆ ಹೋಗಿ. 1389ರಲ್ಲಿ ಶುರುವಾದ ಚರ್ಚು. ಭೂಕಂಪದಲ್ಲಿ ಚಾವಣಿ ಬಿತ್ತು. ಮತ್ತೆ ಕಟ್ಟಲು ತೊಡಗಿದವರು 1834ರಲ್ಲಿ, ಮಠಗಳನ್ನೆಲ್ಲ ಸರ್ಕಾರ ಮುಚ್ಚಿದಾಗ, ಕೈಬಿಟ್ಟರು. ಆಮೇಲೆ ಹಾಗೇ ಬಿಟ್ಟರು. ಕಮಾನುಗಳು ಪಕ್ಕೆಲುಬಿನಂತೆ ನಿಂತಿವೆ, ಮೇಲೆ ಬರೀ ಆಕಾಶ. ಮಳೆ ನೇರ ಒಳಗೇ ಸುರಿಯುತ್ತದೆ. ಇದರ ಮುಂದಿನ ಚೌಕದಲ್ಲೇ 1974ರ ಏಪ್ರಿಲ್ 25ರಂದು ಜನ ಕಿಕ್ಕಿರಿದು ನಿಂತದ್ದು, ಪಕ್ಕದ ಠಾಣ್ಯದಲ್ಲಿ ಅಡಗಿದ್ದ ಪ್ರಧಾನಿ ಶರಣಾಗಿ ಸರ್ವಾಧಿಕಾರ ಮುಗಿದದ್ದು.

ಕೆಳಗೆ ನದಿಯ ದಂಡೆಯ ದೊಡ್ಡ ಚೌಕಕ್ಕೆ ಸರ್ಕಾರ ಇಟ್ಟ ಹೆಸರು ವಾಣಿಜ್ಯ ಚೌಕ. ಅರಮನೆ ಹೋಗಿ 270 ವರ್ಷವಾಯಿತು, ಊರಿನವರ ಬಾಯಲ್ಲಿ ಅದು ಈಗಲೂ ಅರಮನೆಯಂಗಳವೇ.

ಅಲ್ಲಿಂದ ನಾಲ್ಕು ಹೆಜ್ಜೆ ಒಳಗೆ, ಬೈಶಾದ ಒಂದು ಬೀದಿಯಲ್ಲಿ, ಬ್ಯಾಂಕಿನ ಕಟ್ಟಡದ ಅಡಿಯಲ್ಲಿ ಅಗೆದ ನೆಲವನ್ನು ಹಾಗೇ ತೆರೆದಿಟ್ಟಿದ್ದಾರೆ. ಇಳಿದು ನೋಡಿದರೆ ರೋಮನ್ನರ ಕಾಲದಲ್ಲಿ ಮೀನು ಉಪ್ಪು ಹಾಕುತ್ತಿದ್ದ ತೊಟ್ಟಿಗಳು. ಅವುಗಳ ನಡುವೆ, ಕೆಸರು ನೆಲಕ್ಕೆ ಒತ್ತೊತ್ತಾಗಿ ಹೊಡೆದ ಪೈನ್ ಮರದ ಗೂಟಗಳು. ಮೇಲಿನ ಪೇಟೆ ನಿಂತಿರುವುದು ಇಂಥ ಗೂಟಗಳ ಮೇಲೆ. ನೀರಿನಲ್ಲಿ ನೆನೆದೇ ಇದ್ದರೆ ಈ ಮರ ಕೊಳೆಯುವುದಿಲ್ಲ, ಒಣಗಿದರೆ ಅಪಾಯ. ಅಂದು ಊರನ್ನು ನುಂಗಿದ ಆ ನದಿಯ ತೇವವೇ ಇಂದಿಗೂ ಅವನ್ನು ಗಟ್ಟಿಯಾಗಿ ಹಿಡಿದಿಟ್ಟಿದೆ.

ನಮಸ್ಕಾರ.